ಶಾರೀರವೂ ವಾರ್ಧಕ್ಯವೂ

ಯಲಹಂಕದ ನಾಡಪ್ರಭುಗಳಾದ ಕೆಂಪೇಗೌಡರ ಹೆಸರಿನಲ್ಲಿ ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನವೊಂದು ಪ್ರಸಿದ್ಧವಾಗಿದೆ. ಹಾಡುವುದಕ್ಕೆಂದೇ ಹುಟ್ಟಿದ ಈ ಪ್ರಬಂಧದ ಹೆಸರು ಇಂದಿಗೂ ನಿಂತಿದ್ದರೂ ಅದನ್ನು ಮೊದಲು ಹಾಡಿದವರ ಕಂಠವು ಎಂತಹದಾಗಿದ್ದಿತೆಂಬುದನ್ನು ತಿಳಿಯಲು ಸಾಧನವಿಲ್ಲ. ಶಿಲೆಯೂ ತಾಮ್ರವೂ ಓಲೆಯೂ ಶಬ್ದವನ್ನು ಧರಿಸುವುವೇ ಹೊರತು ಧ್ವನಿಯನ್ನು ಧರಿಸಲಾರವು. ಆದುದರಿಂದ ಯೌವನದ ಧ್ವನಿಯು ಮುಪ್ಪಿನಲ್ಲಿ ಏನಾಗುವುದೆಂಬ ವಿಚಾರಕ್ಕೆ ಬಹುಕಾಲ ಶಾಸ್ತ್ರವಾಕ್ಯವೂ ಲೋಕಾನುಭವವೂ ಮಾತ್ರವೇ ಆಧಾರವಾಗಿದ್ದುವು. ಧ್ವನಿಮುದ್ರಣವೂ ಬಾನುಲಿಯೂ ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ಅದೇ ಯಲಹಂಕದ ನೆಲದಲ್ಲಿ ಬಾನುಲಿಯ ಪ್ರಬಲವಾದ ಪ್ರಸಾರಯಂತ್ರಗಳು ಸ್ಥಾಪಿತವಾದುವು. ಈಗ ಒಬ್ಬನೇ ಗಾಯಕನ ಎರಡು ವಯಸ್ಸುಗಳನ್ನು ಒಂದೇ ದಿನದಲ್ಲಿ ಕೇಳಿ ಹೋಲಿಸಬಹುದು. ಶಾಸ್ತ್ರವನ್ನು ಪ್ರತ್ಯಕ್ಷದೊಡನೆ ಇಟ್ಟು ನೋಡುವುದಕ್ಕೆ ಇದೇ ಅವಕಾಶ.

ಸಂಗೀತರತ್ನಾಕರದ ಕರ್ತೃವಾದ ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಹಣನ ಆಶ್ರಯದಲ್ಲಿದ್ದವನು. ೧೫ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಅದಕ್ಕೆ ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದುದರಿಂದ ಆ ಗ್ರಂಥವು ಕರ್ಣಾಟಕದ ವಿದ್ವತ್ಪರಂಪರೆಗೂ ಸೇರಿದುದಾಯಿತು. ಅಭ್ಯಾಸವಿಲ್ಲದೆಯೇ ರಾಗವನ್ನು ವ್ಯಕ್ತಪಡಿಸಬಲ್ಲ ಧ್ವನಿಯ ಸಹಜಶಕ್ತಿಗೆ ಶಾರ್ಙ್ಗದೇವನು ಶಾರೀರವೆಂದು ಹೆಸರಿಟ್ಟು, ಶರೀರದೊಡನೆ ಹುಟ್ಟುವುದರಿಂದ ಆ ಹೆಸರು ಬಂದಿತೆಂದು ನಿರ್ವಚನವನ್ನೂ ಹೇಳುತ್ತಾನೆ. ಹಾಡುಗಾರರನ್ನು ಕುರಿತು ‘ಶಾರೀರ ಚೆನ್ನಾಗಿದೆ’ ಎಂದು ಕನ್ನಡಿಗರು ಆಡುವ ಮಾತು ಈ ಪರಿಭಾಷೆಯದೇ. ಆದರೆ ಇಲ್ಲಿ ಒಂದು ಶಂಕೆಯೇಳುತ್ತದೆ: ಶರೀರದೊಡನೆ ಹುಟ್ಟಿದುದು ಶರೀರದೊಡನೆಯೇ ಜೀರ್ಣವಾಗಬೇಡವೆ?

ಇದಕ್ಕೆ ಸಮಾಧಾನವನ್ನು ವೈದ್ಯಗ್ರಂಥಗಳಲ್ಲಿ ಹುಡುಕಬೇಕು. ವಾಗ್ಭಟನು ವಯಸ್ಸಿನ ಕೊನೆಯ ಭಾಗವು ವಾತಪ್ರಧಾನವೆಂದು ಹೇಳಿ, ಉದಾನವಾಯುವಿಗೆ ವಾಕ್ಪ್ರವೃತ್ತಿ, ಪ್ರಯತ್ನ, ಬಲ, ಸ್ಮೃತಿ ಮೊದಲಾದ ಕಾರ್ಯಗಳನ್ನು ಒಟ್ಟಿಗೆ ವಿಧಿಸಿದ್ದಾನೆ. ಶಾರ್ಙ್ಗಧರಸಂಹಿತೆಯಾದರೋ, ಮನುಷ್ಯನ ೧೨೦ ವರ್ಷಗಳನ್ನು ಹನ್ನೆರಡು ದಶಕಗಳಾಗಿ ವಿಭಾಗಿಸಿ ಒಂದೊಂದರಲ್ಲಿ ಒಂದೊಂದು ಗುಣವು ಕ್ಷೀಣಿಸುವುದೆಂದು ಎಣಿಸುತ್ತದೆ. ಅದರಲ್ಲಿ ದೃಷ್ಟಿಗೆ ಆರನೆಯ ದಶಕವೂ ಕರ್ಮೇಂದ್ರಿಯಗಳಿಗೆ ಹತ್ತನೆಯ ದಶಕವೂ ದೊರೆತಿವೆ. ಕರ್ಮೇಂದ್ರಿಯಗಳ ಪರಿಗಣನೆಯಲ್ಲಿ ವಾಕ್ಕೇ ಮೊದಲನೆಯದು. ಆದರೆ ವಾಕ್ಕೆಂದರೆ ಉಚ್ಚಾರಣಶಕ್ತಿ, ನಾದದ ಮಾಧುರ್ಯವಲ್ಲ. ನಾದವು ಮೊದಲೇ ಸಡಿಲಬಹುದು, ವಾಕ್ಕು ಬಹುಕಾಲ ನಿಲ್ಲಬಹುದು ಎಂಬ ವಿವೇಕವು ಈ ಎರಡು ಗ್ರಂಥಗಳನ್ನು ಕೂಡಿಸಿ ನೋಡಿದರೆ ಲಭಿಸುತ್ತದೆ.

ಆಧುನಿಕ ಶಾರೀರಶಾಸ್ತ್ರವು ಬೇರೆಯ ಮಾರ್ಗದಿಂದ ಬಂದರೂ ಈ ಸಡಿಲಿಕೆಯ ಕಾರಣಗಳನ್ನು ವಿಶದವಾಗಿ ತೋರಿಸಿದೆ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಸ್ವರತಂತುಗಳು ಉಸಿರಿನ ಒತ್ತಡದಿಂದ ಸೇರಿ ಬಿಡುತ್ತ, ಮಾತನಾಡುವ ಪುರುಷನಲ್ಲಿ ಸೆಕೆಂಡಿಗೆ ಸುಮಾರು ೧೦೦ರಿಂದ ೧೨೦ ಬಾರಿಯೂ ಸ್ತ್ರೀಯಲ್ಲಿ ಸುಮಾರು ೨೦೦ ಬಾರಿಯೂ ಕಂಪಿಸುತ್ತವೆ. ವಯಸ್ಸಾದಂತೆ ಅವುಗಳ ಮಾಂಸಪೇಶಿಯು ಕೃಶವಾಗುತ್ತದೆ; ಮೇಲಿನ ಪದರವು ಹಿಗ್ಗಿ ಕುಗ್ಗುವ ಗುಣವನ್ನು ಕಳೆದುಕೊಂಡು ಬಿರುಸಾಗುತ್ತದೆ; ಸುತ್ತಣ ಮೃದ್ವಸ್ಥಿಗಳು ಎಲುಬಿನಂತೆ ಗಟ್ಟಿಯಾಗುತ್ತವೆ. ತಂತುಗಳು ಬಿಲ್ಲಿನಂತೆ ಬಾಗಿ ನಡುವೆ ಸಂದು ಉಳಿಯುವುದರಿಂದ ಉಸಿರು ವ್ಯರ್ಥವಾಗಿ ಸೋರುತ್ತದೆ. ಪುಪ್ಪುಸಗಳ ಬಲವೂ ಆ ವೇಳೆಗೆ ತಗ್ಗಿರುತ್ತದೆ. ಪುರುಷನ ಧ್ವನಿಯು ಮುಪ್ಪಿನಲ್ಲಿ ತುಸು ಏರುವುದೂ ರಜೋನಿವೃತ್ತಿಯ ತರುವಾಯ ಸ್ತ್ರೀಯ ಧ್ವನಿಯು ಇಳಿಯುವುದೂ ಸಾಮಾನ್ಯವಾಗಿ ಕಂಡುಬಂದಿವೆ.

ಆದರೆ ಧ್ವನಿಯ ಪ್ರತಿಯೊಂದು ಮಾರ್ಪಾಟನ್ನೂ ವಯಸ್ಸಿನ ಮೇಲೆ ಹೊರಿಸುವುದು ಯುಕ್ತವಲ್ಲ. ಧಾರವಾಡದಲ್ಲಿ ೧೯೧೩ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ಘನವಾದ ತಗ್ಗುಧ್ವನಿಯನ್ನು ಕೇಳಿದವರು ಅದನ್ನು ಮುಪ್ಪಿನ ಫಲವೆಂದು ಭಾವಿಸಬಹುದು. ವಾಸ್ತವವಾಗಿ ಅದು ಇನ್ನೂ ಪ್ರಾಯದಲ್ಲಿರುವಾಗಲೇ ಗಂಟಲಿಗೆ ನಡೆದ ಚಿಕಿತ್ಸೆಯ ಅನಂತರ ಒದಗಿದುದು. ಅದಕ್ಕೆ ಹಿಂದಿನ ಮುದ್ರಿಕೆಗಳಲ್ಲಿ ಅವರ ಕಂಠವು ಎತ್ತರವಾಗಿಯೂ ತೆಳುವಾಗಿಯೂ ಇದೆ. ಹಳೆಯ ಧ್ವನಿಯನ್ನು ಹಿಂಬಾಲಿಸದೆ ಬಂದ ಧ್ವನಿಗೆ ತಕ್ಕಂತೆ ಗಾಯನವನ್ನು ಕಟ್ಟಿಕೊಂಡು ಅವರು ದಶಕಗಳ ಕಾಲ ಹಾಡಿದರು.

ಮುಪ್ಪಿನ ನಿಜವಾದ ನಿದರ್ಶನವು ಆರ್. ಕೆ. ಶ್ರೀಕಂಠನ್ ಅವರಲ್ಲಿ ದೊರೆಯುತ್ತದೆ. ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ ೧೯೨೦ರಲ್ಲಿ ಹುಟ್ಟಿ, ಬಾನುಲಿಯಲ್ಲಿ ಬಹುಕಾಲ ಸೇವೆ ಸಲ್ಲಿಸಿ, ೨೦೧೪ರಲ್ಲಿ ಬೆಂಗಳೂರಿನಲ್ಲಿ ದಿವಂಗತರಾದ ಈ ವಿದ್ವಾಂಸರು ತೊಂಬತ್ತನ್ನು ದಾಟಿದ ಮೇಲೆಯೂ ಕಚೇರಿಗಳನ್ನು ನಡೆಸಿದರು. ಅವರ ಗಾಯನದಲ್ಲಿ ಪ್ರಸಿದ್ಧವಾದುದು ಸಾಹಿತ್ಯದ ಸ್ಪಷ್ಟೋಚ್ಚಾರಣೆ ಮತ್ತು ಪಾಠಾಂತರದ ಶುದ್ಧಿ. ಸಂಹಿತೆಯು ವಾಕ್ಕಿಗೆ ಕೊಟ್ಟ ಹತ್ತನೆಯ ದಶಕದಲ್ಲಿಯೂ ಅವರು ಹಾಡುತ್ತಿದ್ದರೆಂಬುದು ಗಮನಾರ್ಹವಾಗಿದೆ. ಒಂದು ನಿದರ್ಶನದಿಂದ ನಿಯಮವು ಸಿದ್ಧವಾಗದು. ಆದರೂ ಮುಪ್ಪು ಬಂದೊಡನೆ ಗಾಯನವು ಮುಗಿಯಿತೆಂಬ ನಿಯಮವನ್ನು ಅಲ್ಲಗಳೆಯುವುದಕ್ಕೆ ಒಂದೇ ಸಾಕು.

ಶಾರೀರವು ಜೀರ್ಣವಾಗಬಹುದೆಂಬುದು ಹೀಗೆ ದಿಟವೇ. ಆದರೆ ಅಭ್ಯಾಸದಿಂದ ಬಂದುದು ಅದರೊಡನೆಯೇ ಅಳಿಯಬೇಕೆಂಬುದಕ್ಕೆ ಶಾಸ್ತ್ರದಲ್ಲಿಯೂ ಆಧಾರವಿಲ್ಲ, ಪ್ರತ್ಯಕ್ಷದಲ್ಲಿಯೂ ಇಲ್ಲ. ಈ ಭೇದವು ಗಮಕ ಮತ್ತು ಸಾಹಿತ್ಯಗಳ ಉಪಾಧ್ಯಾಯರಿಗೆ ಮುಖ್ಯವಾದುದು. ಶಿಷ್ಯನು ಗುರುವಿನಿಂದ ಪಡೆಯುವುದು ಪದಚ್ಛೇದವನ್ನು, ಯತಿಯನ್ನು, ಪಾಠವನ್ನು. ಕಂಠದ ಹೊಳಪು ಅವನಿಗೆ ತನ್ನ ಶರೀರದಿಂದಲೇ ಬರತಕ್ಕುದು. ವೃದ್ಧ ವಾಚಕನ ದನಿ ನಡುಗಿತೆಂದು ಅವನನ್ನು ಓದಗೊಡದೆ ಕೂರಿಸಿದಲ್ಲಿ ಉಳಿಯುವುದು ಓಲೆಯ ಅಕ್ಷರ ಮಾತ್ರ. ಆ ಅಕ್ಷರವನ್ನು ಹೇಗೆ ನುಡಿಯಬೇಕೆಂಬ ತಿಳಿವು ಅವನೊಡನೆಯೇ ಹೋಗುತ್ತದೆ. ಗಂಗಾಗೌರೀವಿಲಾಸವನ್ನು ಹಾಡಿದವರ ವಿಷಯದಲ್ಲಿ ಆ ನಷ್ಟಕ್ಕೆ ಪರಿಹಾರವಿರಲಿಲ್ಲ. ಇಂದು ಪರಿಹಾರವಿದೆ, ನಡುಗುವ ದನಿಯನ್ನೂ ಕೇಳಿ ಮುದ್ರಿಸಿಡಬೇಕೆಂಬ ಮನಸ್ಸು ಮಾತ್ರ ಬೇಕಾಗಿದೆ.