ದತ್ತು ಮಗುವಿನ ಜನನ ದಾಖಲೆ: ಒಂದು ಹಿನ್ನೋಟ

ದತ್ತಕದ ಪ್ರಶ್ನೆ ನಮ್ಮ ನಾಡಿನ ಚರಿತ್ರೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದಿರಲು, ರಾಣಿ ಚೆನ್ನಮ್ಮ ಖಡ್ಗ ಹಿಡಿಯಬೇಕಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕಕ್ಕೆ 1867ರಲ್ಲಿ ಮನ್ನಣೆ ದೊರೆತುದರಿಂದಲೇ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಮೈಸೂರು ಮರಳಿತು. ಅರಮನೆಯ ದತ್ತಕಕ್ಕೆ ಆಂಗ್ಲ ಸರ್ಕಾರದ ಒಪ್ಪಿಗೆ ಬೇಕಿತ್ತು. ಸಾಮಾನ್ಯರ ಮನೆಯ ದತ್ತಕಕ್ಕೆ ಇಂದು ಬೇಕಾದದ್ದು ಜನನ ರಿಜಿಸ್ಟರಿನ ಒಂದು ಸಾಲು. ಆ ಸಾಲಿನ ಕಥೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಹಿಂದೆ ಹತ್ತು ಜನರ ಸಮಕ್ಷಮದಲ್ಲಿ ಮಗುವನ್ನು ಕೊಟ್ಟು ತೆಗೆದುಕೊಂಡರೆ ಊರು ಅದನ್ನು ಒಪ್ಪುತ್ತಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹೆಣ್ಣು ಮಗುವಿನ ದತ್ತಕಕ್ಕೂ ದಾರಿ ತೆರೆಯಿತು. ದತ್ತಹೋಮ ಕಡ್ಡಾಯವಲ್ಲವೆಂದಿತು. ದತ್ತಕದ ದಿನದಿಂದ ಮಗು ಹೊಸ ತಂದೆತಾಯಿಯರದೇ ಎಂದು ಸಾರಿತು.

ಆದರೆ ಜನನದ ಕಾಯಿದೆ ಬೇರೆ ದಾರಿ ಹಿಡಿದಿತ್ತು. 1886ರ ಕಾಯಿದೆಯಲ್ಲಿ ನೋಂದಣಿ ಐಚ್ಛಿಕವಾಗಿತ್ತು. 1969ರ ಕಾಯಿದೆ 1970ರ ಏಪ್ರಿಲ್ 1ರಿಂದ ಬಹುತೇಕ ರಾಜ್ಯಗಳಲ್ಲಿ ಜಾರಿಗೆ ಬಂದು, ನೋಂದಣಿಯನ್ನು ಕಡ್ಡಾಯಗೊಳಿಸಿತು. ಬೀದಿಯಲ್ಲಿ ಸಿಕ್ಕ ಶಿಶುವಿನ ಜನನವನ್ನು ಯಾರು ತಿಳಿಸಬೇಕೆಂಬುದನ್ನೂ ಅದು ಹೇಳಿತ್ತು. ದತ್ತು ಮಗುವಿನ ಮಾತು ಮಾತ್ರ ಅಲ್ಲಿರಲಿಲ್ಲ. ಇದ್ದದ್ದು 15ನೆಯ ಕಲಮು: ನಮೂದು ತಪ್ಪಾಗಿದ್ದರೆ, ಮೂಲವನ್ನು ಅಳಿಸದೆ ಅಂಚಿನಲ್ಲಿ ತಿದ್ದಿ, ಸಹಿ ತಾರೀಖು ಹಾಕುವುದು.

ಇಲ್ಲಿಯೇ ತೊಡಕು. ದತ್ತಕವೆಂದರೆ ತಪ್ಪಲ್ಲ. ಬಡ್ತಿ ಬಂದಾಗ ಸರ್ವಿಸ್ ಪುಸ್ತಕದಲ್ಲಿ ಹಳೆಯ ಹುದ್ದೆ ತಪ್ಪೆಂದು ನಾವು ಗುಮಾಸ್ತರು ಹೊಡೆದುಹಾಕುವುದಿಲ್ಲ. ಹೊಸ ನಮೂದು ಬರೆಯುತ್ತೇವೆ. ಹೆತ್ತವರ ಹೆಸರು ಬರೆದದ್ದೂ ನಿಜ, ಸಾಕುವವರು ತಂದೆತಾಯಿಯರಾದದ್ದೂ ನಿಜ. ಈ ಎರಡು ನಿಜಗಳನ್ನು ತಪ್ಪು ತಿದ್ದುವ ಕಲಮಿನೊಳಗೆ ತುರುಕಬೇಕಾದ್ದರಿಂದ ಅರ್ಜಿಗಳು ಅಲೆದವು. ಕೆಲವು ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದವು.

ಇತ್ತ ಬಾಲನ್ಯಾಯ ಕಾಯಿದೆಯು ಯಾವ ಮತದವರಿಗೂ ದತ್ತಕದ ಬಾಗಿಲು ತೆರೆದಿತ್ತು. 2022ರ ಸೆಪ್ಟೆಂಬರಿನಿಂದ ಆ ಕಾಯಿದೆಯಡಿಯ ದತ್ತಕದ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾ ಮ್ಯಾಜಿಸ್ಟ್ರೇಟರೇ ನೀಡುತ್ತಾರೆ. ಜನನ ಕಾಯಿದೆಗೆ ದತ್ತು ಮಗು ಹೆಸರಿನಿಂದಲೇ ಪ್ರವೇಶ ಪಡೆದದ್ದು 2023ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು ಆ ವರ್ಷದ ಅಕ್ಟೋಬರ್ 1ರಂದು. ಅಂದಿನಿಂದ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಮುಂತಾದವಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪತ್ರವೇ. ಹೀಗಾಗಿ ಈ ಸಾಲಿನ ತೂಕ ಇನ್ನೂ ಹೆಚ್ಚಿತು.

ಹೊರನಾಡಿನಲ್ಲಿರುವ ನಾವು ಮತ್ತೊಂದನ್ನು ಮರೆಯಬಾರದು. ಜನನದ ನಮೂದು ಇರುವುದು ಮಗು ಹುಟ್ಟಿದ ಊರಿನಲ್ಲಿ, ನಾವು ನೆಲೆಸಿದ ಊರಿನಲ್ಲಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದ ಮಗು ಮುಂಬಯಿಯಲ್ಲಿ ಬೆಳೆದರೂ ರಿಜಿಸ್ಟರು ಹುಬ್ಬಳ್ಳಿಯದೇ. ಶಾಲೆಯ ಪ್ರವೇಶದ ಹೊತ್ತಿಗೆ ಅವಸರಪಡುವ ಬದಲು, ದತ್ತಕದ ಕಾಗದ ಕೈಸೇರಿದೊಡನೆ ಆ ಕೆಲಸ ಮುಗಿಸುವುದು ಲೇಸು. ಮಗುವನ್ನು ಮನೆ ಒಪ್ಪಿಕೊಂಡ ಮೇಲೆ ಕಾಗದವೂ ಒಪ್ಪಿಕೊಳ್ಳಬೇಕು. ಅದಕ್ಕಾಗಿ ಓಡಾಡುವ ಶ್ರಮ ಹಿರಿಯರದು, ಮಗುವಿನದಲ್ಲ.