‘ಲಾಸೂಟ್ ಗಿಟಾರ್’ ಎಂಬ ಹೆಸರಿಗೆ ಹೆಚ್ಚು ಹಣ ಕೊಡಬೇಕೇ?

ಅಮೆರಿಕದ ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ತಯಾರಿಸಿದ ಸನ್‌ಬರ್ಸ್ಟ್ ಬಣ್ಣದ ‘ಲೆಸ್ ಪಾಲ್ ಸ್ಟ್ಯಾಂಡರ್ಡ್’ ಎಲೆಕ್ಟ್ರಿಕ್ ಗಿಟಾರ್‌ಗಳ ಸಂಖ್ಯೆ 2,000ಕ್ಕಿಂತ ಕಡಿಮೆ. ಇಂದು ಅಸಲಿ ಗಿಟಾರ್‌ಗೆ ಲಕ್ಷಾಂತರ ಡಾಲರ್ ಬೆಲೆ. ಹಾಗಾಗಿ ಹಲವರು 1970ರ ದಶಕದ ಜಪಾನಿ ನಕಲುಗಳನ್ನು ಹುಡುಕುತ್ತಾರೆ.

ಹೇಳಿಕೆ: ಈ ನಕಲುಗಳು ಅಸಲಿಯಷ್ಟೇ ಚೆನ್ನಾಗಿದ್ದವು, ಅದಕ್ಕೇ ಗಿಬ್ಸನ್ ಕೇಸು ಹಾಕಿ ನಿಲ್ಲಿಸಿತು.

ವಾಸ್ತವ: ಈ ಹೆಸರಿನ ಹಿಂದಿರುವುದು ಒಂದೇ ಕೇಸು. 1977ರಲ್ಲಿ ಗಿಬ್ಸನ್‌ನ ಅಂದಿನ ಮಾಲೀಕ ಸಂಸ್ಥೆ ನಾರ್ಲಿನ್, ಐಬನೀಜ್ ಗಿಟಾರ್‌ಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಎಲ್ಗರ್ ಕಂಪನಿಯ ಮೇಲೆ ಅಲ್ಲಿನ ಕೋರ್ಟಿಗೆ ಹೋಯಿತು. ತಕರಾರು ಇದ್ದದ್ದು ನಾದದ ಬಗ್ಗೆ ಅಲ್ಲ, ಬಿರಡೆಗಳಿರುವ ತಲೆಭಾಗದ ಆಕಾರದ ಬಗ್ಗೆ. ಅಷ್ಟರಲ್ಲಾಗಲೇ ಐಬನೀಜ್ ಆ ಆಕಾರ ಬದಲಿಸಿತ್ತು. ಮುಂದಿನ ವರ್ಷ ಎರಡೂ ಕಡೆಯವರು ಕೋರ್ಟಿನ ಹೊರಗೆ ರಾಜಿಯಾದರು. ಗ್ರೆಕೊ, ಟೊಕಾಯ್ ಈ ಕೇಸಿನಲ್ಲಿ ಇರಲೇ ಇಲ್ಲ.

ಕೊಳ್ಳುವ ಮುನ್ನ ಏನು ನೋಡಬೇಕು?

ಅಸಲಿ ಲೆಸ್ ಪಾಲ್‌ನಲ್ಲಿ ಕತ್ತನ್ನು ದೇಹಕ್ಕೆ ಅಂಟಿಸಿರುತ್ತಾರೆ. ಆ ಕಾಲದ ಅನೇಕ ನಕಲುಗಳಲ್ಲಿ ಅದನ್ನು ಸ್ಕ್ರೂ ಹಾಕಿ ಜೋಡಿಸಿದ್ದಾರೆ. ಹಿಂಬದಿಯ ಫೋಟೊ ಕೇಳಿ; ಕತ್ತಿನ ಬುಡದಲ್ಲಿ ಲೋಹದ ಪಟ್ಟಿ, ನಾಲ್ಕು ಸ್ಕ್ರೂ ಕಂಡರೆ ಅದು ಅಸಲಿಯಂತೆ ಕಟ್ಟಿದ್ದಲ್ಲ. ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಒತ್ತಬಹುದು. ಬೇರೆಯವರು ಮಾಡಿದ ಗಿಟಾರ್ ಮೇಲೆ ‘ಗಿಬ್ಸನ್’ ಎಂದು ಬರೆದಿದ್ದರೆ ಅದು ಪ್ರತಿಕೃತಿಯಲ್ಲ, ಮೋಸ.

ನಮ್ಮ ತೀರ್ಮಾನ: ಹೇಳಿಕೆ ದಾರಿ ತಪ್ಪಿಸುವಂಥದ್ದು. ಹಳೆಯ ಜಪಾನಿ ಗಿಟಾರ್‌ಗಳಲ್ಲಿ ಒಳ್ಳೆಯವೂ ಇವೆ. ಆದರೆ ದುಡ್ಡು ಕೊಡಬೇಕಾದದ್ದು ವಾದ್ಯಕ್ಕೆ, ಕೇಸಿನ ಕಥೆಗಲ್ಲ.