ತೆರೆದ ಬಾಗಿಲು ಮತ್ತು ಮನೆಯ ಮಾರಾಟ

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಂಥ ಊರಿನಲ್ಲಿ ಮನೆ ಮಾರುವವರು ಒಂದು ದಿನ ಗೊತ್ತುಮಾಡಿ, ಬಾಗಿಲು ತೆರೆದಿಟ್ಟು, ‘ಬನ್ನಿ, ನೋಡಿ’ ಎಂದು ಸಾರಿದರೆ ಊರವರು ನಕ್ಕಾರು. ಆ ಜಗುಲಿಯ ಮೇಲೆ ಕೂರದವರಾರು? ಮಾಳಿಗೆ ಎಲ್ಲಿ ಸೋರುವುದೆಂದು ಅರಿಯದವರಾರು? ಅಮೆರಿಕದ ಪಟ್ಟಣಗಳಲ್ಲಿ ರೂಢಿಯಾದ ಈ ಪದ್ಧತಿ ಪರಸ್ಪರ ಗುರುತಿಲ್ಲದವರ ವ್ಯಾಪಾರಕ್ಕೆ ಹೊಂದುವಂಥದು.

ಆದರೆ ಮಾರಾಟ ನಾಲ್ಕು ಜನರೆದುರು ನಡೆಯಬೇಕೆಂಬುದು ನಮಗೆ ಹೊಸ ವಿಚಾರವೇನಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ರಚಿಸಿದನು. ಭೂಮಿ ಕೈಬದಲಾಗಲು ಊರವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು, ಹೊನ್ನು ನೀರುಗಳ ಧಾರೆಯಾಗಬೇಕು ಎಂಬ ಹಳೆಯ ವಿಧಿಯನ್ನು ಅವನು ಅಲ್ಲಿ ಬಿಡಿಸಿ ಹೇಳುತ್ತಾನೆ. ಊರವರ ಒಪ್ಪಿಗೆ ಏತಕ್ಕೆ? ಅದಿಲ್ಲದೆ ವ್ಯವಹಾರ ಸಿದ್ಧಿಸದೆಂದಲ್ಲ, ವ್ಯವಹಾರ ಬಹಿರಂಗವಾಗಲೆಂದು. ನೆರೆಯವರದು? ಎಲ್ಲೆಯ ಜಗಳ ಬಾರದಿರಲೆಂದು. ಎಂಥ ಲೋಕಾನುಭವ!

ಬ್ರಿಟಿಷರ 1882ರ ಸ್ವತ್ತು ವರ್ಗಾವಣೆ ಕಾಯಿದೆ ಈ ಕೆಲಸವನ್ನು ನೋಂದಣಿಯಾದ ಕ್ರಯಪತ್ರಕ್ಕೆ ವಹಿಸಿತು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಾಣಲಾರದ ದೋಷವನ್ನು, ಹಕ್ಕಿನಲ್ಲಿರುವ ದೋಷವನ್ನು ಸಹ, ಮಾರುವವನೇ ತಿಳಿಸಬೇಕೆಂದೂ ಅದು ವಿಧಿಸುತ್ತದೆ.

ತೆರೆದ ಬಾಗಿಲು ವ್ಯರ್ಥವೆನ್ನಲಾರೆ. ಗಿರಾಕಿಯನ್ನು ಕರೆತಂದೀತು, ಗಾಳಿ ಬೆಳಕು ತೋರಿಸೀತು. ಅಡಮಾನದ ಸಾಲ ಮಾತ್ರ ಗೋಡೆಯ ಮೇಲೆ ಕಾಣುವುದಿಲ್ಲ. ಅದಕ್ಕೆ ಋಣಭಾರ ಪತ್ರ ತೆಗೆಸಬೇಕು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಬಂದಿದೆ. ಶಿರಾಕ್ಕೆ ಕೊಟ್ಟ ಮಗಳು ಒಪ್ಪಿ ರುಜು ಹಾಕುವಳೇ ಎಂಬುದನ್ನು ನಡುಮನೆಯಲ್ಲಿ ನಿಂತು ನೋಡಿ ತಿಳಿಯುವುದೆಂತು? ಪಕ್ಕದ ಮನೆಯ ಜಗುಲಿಯಲ್ಲಿ ಒಂದು ಗಳಿಗೆ ಕೂತು ಕೇಳಬೇಕು.